ಹಳೆಯ ವಿಡಿಯೋ ಆರ್ಟ್ ಟೇಪ್: ಕೆಟ್ಟಿರುವುದು ಟೇಪೋ, ಡೆಕ್ಕೋ, ಅಥವಾ ಕೃತಿ ಇರುವುದೇ ಹಾಗೋ?

ಮದುವೆ ವಿಡಿಯೋ ಹಾಕಿದಾಗ ಚಿತ್ರ ಮೇಲಿಂದ ಕೆಳಗೆ ಉರುಳಿದರೆ ಅದು ದೋಷವೇ. ಅದರಲ್ಲಿ ಯಾರಿಗೂ ಅನುಮಾನ ಇರುವುದಿಲ್ಲ. ಆದರೆ ಅಮೆರಿಕದ ಕಲಾವಿದೆ ಜೋನ್ ಜೋನಸ್ 1972ರಲ್ಲಿ ಮಾಡಿದ ‘ವರ್ಟಿಕಲ್ ರೋಲ್’ ಹಾಕಿದಾಗ ಚಿತ್ರ ಉರುಳದೇ ನಿಂತರೆ, ಆಗ ನಿಜವಾಗಿ ಏನೋ ಕೆಟ್ಟಿದೆ ಎಂದರ್ಥ.

1960 ಮತ್ತು 70ರ ದಶಕದ ವಿಡಿಯೋ ಕಲೆಯ ಟೇಪುಗಳನ್ನು ಪ್ಲೇ ಮಾಡುವವರಿಗೆ, ಕಂಪ್ಯೂಟರಿಗೆ ಇಳಿಸುವವರಿಗೆ ಇರುವ ದೊಡ್ಡ ಕಷ್ಟ ಇದೇ. ಆ ಕಾಲದ ಕಲಾವಿದರು ಟಿವಿ ಕೆಡುವ ರೀತಿಗಳನ್ನೇ ಕೆಲಸಕ್ಕೆ ಹಚ್ಚಿಕೊಂಡರು. ಉರುಳುವ ಚಿತ್ರ, ಬಾಗಿದ ಗೆರೆ, ಸುಟ್ಟ ಟ್ಯೂಬ್, ತಾಳ ತಪ್ಪಿದ ಧ್ವನಿ, ಎಲ್ಲವೂ ಕೃತಿಯೊಳಗೆ ಬಂದವು. ಇನ್ನೊಂದು ಕಡೆ ಟೇಪುಗಳಿಗೆ ಐವತ್ತು ವರ್ಷ ದಾಟಿದೆ, ಅವನ್ನು ಓಡಿಸುವ ಡೆಕ್‌ಗಳಿಗೂ ಅಷ್ಟೇ ವಯಸ್ಸು. ನಿಜವಾದ ದೋಷಗಳೂ ಬೇಕಾದಷ್ಟಿವೆ. ಎರಡೂ ತೆರೆಯ ಮೇಲೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಗೊತ್ತಿಲ್ಲದವರು ಕೃತಿಯನ್ನೇ ‘ರಿಪೇರಿ’ ಮಾಡಿಬಿಡುತ್ತಾರೆ, ಅಥವಾ ಟೇಪ್ ಸಾಯುತ್ತಿರುವುದನ್ನು ಕಲೆ ಅಂದುಕೊಂಡು ಸುಮ್ನೆ ನೋಡುತ್ತಾ ಕೂರುತ್ತಾರೆ. ಎರಡನ್ನೂ ತಪ್ಪಿಸಬಹುದು. ಪ್ರತಿ ಲಕ್ಷಣಕ್ಕೂ ಒಂದು ಪರೀಕ್ಷೆ ಇದೆ.

ಶುರು ಮಾಡುವ ಮುನ್ನ

ದೋಷ ಹುಟ್ಟಬಹುದಾದ ಜಾಗ ಐದು: ಚಿತ್ರಿಸಿದ ಕ್ಷಣ, ಟೇಪ್, ಡೆಕ್, ಡೆಕ್‌ನಿಂದ ಕಂಪ್ಯೂಟರಿನವರೆಗಿನ ಕೇಬಲ್ ಮತ್ತು ಪೆಟ್ಟಿಗೆಗಳು, ಕೊನೆಗೆ ಮಾನಿಟರ್. ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಹುಡುಕಿ. ಮೊದಲು ಮಾನಿಟರ್, ಆಮೇಲೆ ಕೇಬಲ್, ಆಮೇಲೆ ಡೆಕ್. ಟೇಪನ್ನು ಕೊನೆಗೆ ಅನುಮಾನಿಸಿ. ಯಾಕೆಂದರೆ ಮಾನಿಟರನ್ನು ಎಷ್ಟು ಸಲ ಬೇಕಾದರೂ ಆನ್ ಮಾಡಬಹುದು. ಹಳೆಯ ಟೇಪನ್ನು ಹಾಗೆ ಮತ್ತೆ ಮತ್ತೆ ಓಡಿಸಲು ಆಗುವುದಿಲ್ಲ.

ಎರಡು ವಸ್ತು ಕೈಗೆ ಸಿಗುವಂತಿರಲಿ. ಒಂದು, ಅದೇ ಮಾದರಿಯ, ಚೆನ್ನಾಗಿ ಓಡುತ್ತದೆ ಎಂದು ಗೊತ್ತಿರುವ ಬೇರೆ ಟೇಪ್. ಅದರಲ್ಲೂ ಇದೇ ದೋಷ ಬಂದರೆ ನಿಮ್ಮ ಟೇಪಿನದು ತಪ್ಪಿಲ್ಲ. ಎರಡನೆಯದು, ಹೋಲ್ಡ್ ನಾಬ್ (ಉರುಳುವ, ಜಾರುವ ಚಿತ್ರವನ್ನು ಹಿಡಿದು ನಿಲ್ಲಿಸುವ ನಾಬ್) ಇರುವ ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್. ಇದು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ ಎನ್ನುತ್ತೇನೆ. ಇವತ್ತಿನ ಎಲ್‌ಸಿಡಿ ಟಿವಿ, ಕಂಪ್ಯೂಟರಿಗೆ ಚಿತ್ರ ಇಳಿಸುವ ಕ್ಯಾಪ್ಚರ್ ಕಾರ್ಡುಗಳಿಗೆ ಸಿಂಕ್, ಅಂದರೆ ಚಿತ್ರದ ತಾಳ ಹಿಡಿಯುವ ಮಿಡಿತ, ಸ್ವಲ್ಪ ಅಲುಗಿದರೂ ಸಾಕು, ನೀಲಿ ಅಥವಾ ಕಪ್ಪು ತೆರೆ ತೋರಿಸಿ ಸುಮ್ಮನಾಗುತ್ತವೆ. ನೋಡಿದವರು ಟೇಪ್ ಖಾಲಿ ಇದೆ ಅಂದುಕೊಂಡು ಪಕ್ಕಕ್ಕಿಡುತ್ತಾರೆ. ಅದೇ ಟೇಪ್ ಹಳೆಯ ಮಾನಿಟರಿನಲ್ಲಿ ಅಲುಗುತ್ತಲಾದರೂ ಚಿತ್ರ ತೋರಿಸುತ್ತದೆ.

ಟೇಪ್ ಯಾವ ಮಾದರಿಯದು ಎಂದು ಖಾತ್ರಿ ಮಾಡಿಕೊಳ್ಳಿ. ಅರ್ಧ ಇಂಚಿನ ಸುರುಳಿ ಟೇಪುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸೋನಿ 1965ರಲ್ಲಿ ತಂದ ಸಿವಿ ಸರಣಿ ಒಂದು, 1969ರಲ್ಲಿ ಜಪಾನಿನ ಕಂಪನಿಗಳು ಒಪ್ಪಿಕೊಂಡ ಇಐಎಜೆ-1 ಮಾನಕ ಇನ್ನೊಂದು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಗಲ ಒಂದೇ, ಸೆಕೆಂಡಿಗೆ ಏಳೂವರೆ ಇಂಚಿನ ವೇಗವೂ ಒಂದೇ. ಒಳಗಿನ ಬರವಣಿಗೆ ಮಾತ್ರ ಬೇರೆ. ಸಿವಿ ಯಂತ್ರ ಒಂದು ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಗಳಿಂದಾದ ಅರ್ಧ ಚಿತ್ರ) ಬರೆದು ಮುಂದಿನದನ್ನು ಬಿಟ್ಟುಬಿಡುತ್ತದೆ, ಪ್ಲೇ ಮಾಡುವಾಗ ಬರೆದದ್ದನ್ನೇ ಎರಡು ಸಲ ತೋರಿಸುತ್ತದೆ. ಇಐಎಜೆ ಎರಡನ್ನೂ ಬರೆಯುತ್ತದೆ. ಸಿವಿ ಟೇಪನ್ನು ಇಐಎಜೆ ಡೆಕ್‌ಗೆ ಹಾಕಿದರೆ ಧ್ವನಿ ಸರಿಯಾಗಿ ಬರುತ್ತದೆ, ಚಿತ್ರ ಮಾತ್ರ ಚೂರುಚೂರಾಗಿರುತ್ತದೆ. ಧ್ವನಿ ಸ್ಪಷ್ಟ, ಚಿತ್ರ ಮಾತ್ರ ಹೀಗೆ ಎಂದರೆ ಮೊದಲು ಇದನ್ನೇ ಅನುಮಾನಿಸಿ. 1967ರ ಮೊದಲ ಪೋರ್ಟಾಪ್ಯಾಕ್, ಅಂದರೆ ಹೆಗಲಿಗೆ ಹಾಕಿಕೊಂಡು ಒಯ್ಯಬಹುದಾದ ಸೋನಿಯ ಕ್ಯಾಮೆರಾ-ರೆಕಾರ್ಡರ್, ಸಿವಿ ಜಾತಿಯದ್ದು. ಅದರಲ್ಲಿ ರೆಕಾರ್ಡ್ ಮಾತ್ರ ಆಗುತ್ತಿತ್ತು, ನೋಡಲು ಬೇರೆ ಡೆಕ್ ಬೇಕಿತ್ತು, ಟೇಪ್ ಹಿಂದಕ್ಕೆ ಸುತ್ತಲು ಕೈಹಿಡಿ ತಿರುಗಿಸಬೇಕಿತ್ತು. ಆಮೇಲೆ ಬಂದ ಎವಿ-3400 ಇಐಎಜೆ ಜಾತಿಯದ್ದು. ಹಾಗಾಗಿ ಟೇಪಿನ ವರ್ಷ ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಂತೆ.

ಡೆಕ್ ಕಿರುಗುಟ್ಟುತ್ತದೆ, ಟೇಪ್ ತಡೆದು ತಡೆದು ಓಡುತ್ತದೆ

ತಕ್ಷಣ ನಿಲ್ಲಿಸಿ. ಒಂದು ನಿಮಿಷ ನೋಡಿಯೇ ಬಿಡೋಣ ಅನ್ನಬೇಡಿ.

ಟೇಪಿನ ಮೇಲಿನ ಅಯಸ್ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಪಾಲಿಯುರೆಥೇನ್ ಜಾತಿಯದು. ಅದು ವರ್ಷಗಟ್ಟಲೆ ಗಾಳಿಯ ತೇವ ಹೀರಿ ಒಡೆಯುತ್ತದೆ, ಮೇಲ್ಮೈ ಜಿಗುಟಾಗುತ್ತದೆ. ಟೇಪ್ ತನ್ನನ್ನು ಓದುವ ಹೆಡ್ಡಿಗೂ ದಾರಿ ತೋರಿಸುವ ಗೈಡಿಗೂ ಅಂಟಿಕೊಂಡು ಕಿರುಚುತ್ತದೆ. ಜೋರಾಗಿ ಎಳೆದರೆ ಪುಡಿ ಕಿತ್ತು ಬರುತ್ತದೆ. ಪುಡಿಯ ಜೊತೆ ಚಿತ್ರವೂ ಹೋಯಿತು, ಮತ್ತೆ ಸಿಗುವುದಿಲ್ಲ. ಇದಕ್ಕೆ ತಾತ್ಕಾಲಿಕ ಮದ್ದು ಎಂದರೆ ಟೇಪನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಉಷ್ಣತೆ ಏರಿಳಿಯದ ಪ್ರಯೋಗಾಲಯದ ಓವನ್‌ನಲ್ಲಿ ಗಂಟೆಗಟ್ಟಲೆ ಒಣಗಿಸುವುದು. ಆಮೇಲೆ ಕೆಲವು ದಿನ ಅಥವಾ ವಾರ ಅದು ಓಡುತ್ತದೆ. ಆ ಅವಧಿಯಲ್ಲೇ ಪ್ರತಿ ತೆಗೆದುಕೊಳ್ಳಬೇಕು. ಅಡುಗೆಮನೆ ಓವನ್ ಬೇಡ, ಅದರ ಬಿಸಿ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಹಪ್ಪಳದ ಹಾಗೆ ತಾರಸಿ ಮೇಲೆ ಬಿಸಿಲಿಗೆ ಹಾಕುವುದೂ ಬೇಡ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇಟ್ಟ ಟೇಪುಗಳಿಗೆ ಇನ್ನೊಂದು ಕಾಟ ಇದೆ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು. ಅದನ್ನು ಡೆಕ್‌ಗೆ ಹಾಕಿದರೆ ಹೆಡ್ ಹಾಳಾಗುತ್ತದೆ, ಮುಂದೆ ಹಾಕುವ ಎಲ್ಲ ಟೇಪಿಗೂ ಬೂಷ್ಟು ಹರಡುತ್ತದೆ, ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು ಅಂಥ ಟೇಪನ್ನು ಮೊದಲು ಬೇರೆ ಮಾಡಿಡಿ.

ಬರೀ ಚುಕ್ಕೆ, ಅಥವಾ ಚಿತ್ರದ ಮೇಲೆ ಚುಕ್ಕೆಯ ಪರದೆ

ಒಂದೆರಡು ನಿಮಿಷ ಚೆನ್ನಾಗಿ ಓಡಿ ಇದ್ದಕ್ಕಿದ್ದ ಹಾಗೆ ಚುಕ್ಕೆ ಬಂದರೆ ಹೆಡ್ ಕಟ್ಟಿಕೊಂಡಿದೆ. ಅರ್ಧ ಇಂಚಿನ ಡೆಕ್‌ನಲ್ಲಿ ತಿರುಗುವ ಡ್ರಮ್‌ನ ಎದುರುಬದುರಿಗೆ ಎರಡು ಹೆಡ್ ಇರುತ್ತವೆ. ಅಮೆರಿಕದ ಮಾನಕದಲ್ಲಿ ಡ್ರಮ್ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ, ಪ್ರತಿ ಅರ್ಧ ಸುತ್ತಿಗೆ ಒಂದು ಹೆಡ್ ಒಂದು ಫೀಲ್ಡ್ ಓದುತ್ತದೆ. ಎರಡೂ ಕಟ್ಟಿಕೊಂಡರೆ ಪೂರ್ತಿ ಚುಕ್ಕೆ. ಒಂದೇ ಕಟ್ಟಿಕೊಂಡರೆ ಚಿತ್ರ ಇರುತ್ತದೆ, ಅದರ ಮೇಲೆ ಚುಕ್ಕೆ ಪಟಪಟ ಮಿನುಗುತ್ತದೆ. ಈ ಎರಡನೆಯದನ್ನು ಜಾಸ್ತಿ ಜನ ಹಳೆಯ ಟೇಪಿನ ಸಹಜ ಗುಣ ಅಂದುಕೊಳ್ಳುತ್ತಾರೆ.

ತೊಳೆಯುವ ವಿಧಾನ ಹೀಗೆ. ಪವರ್ ಆಫ್ ಮಾಡಿ. ನೂಲು ಬಿಡದ ಮೆತ್ತನೆಯ ಚರ್ಮದ ಸ್ವಾಬ್ ತೆಗೆದುಕೊಂಡು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ, ತೊಟ್ಟಿಕ್ಕಬಾರದು. ಹತ್ತಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಸ್ವಾಬನ್ನು ಡ್ರಮ್‌ಗೆ ಹಗುರವಾಗಿ ಒತ್ತಿ ಅಲ್ಲಾಡದ ಹಾಗೆ ಹಿಡಿಯಿರಿ. ಇನ್ನೊಂದು ಕೈಯಿಂದ ಡ್ರಮ್ಮನ್ನು ಮೆಲ್ಲಗೆ ತಿರುಗಿಸಿ. ಹೆಡ್ ಸ್ವಾಬಿನ ಕೆಳಗೆ ಹಾದುಹೋಗುವಾಗ ಬೆರಳಿಗೆ ಸಣ್ಣದೊಂದು ತಡೆ ತಿಳಿಯುತ್ತದೆ. ಸ್ವಾಬನ್ನು ಮೇಲೆ ಕೆಳಗೆ ಉಜ್ಜಬೇಡಿ. ಹೆಡ್‌ನ ತುದಿ ಫೆರೈಟ್‌ನದು, ಕೂದಲಿಗಿಂತ ಸ್ವಲ್ಪ ದಪ್ಪ ಇದ್ದರೆ ಹೆಚ್ಚು. ಅಡ್ಡ ಒತ್ತಿದರೆ ಚಟ್ಟೆಂದು ಮುರಿಯುತ್ತದೆ, ಬದಲಿ ಸಿಗುವುದು ಕಷ್ಟ. ಸ್ವಾಬ್ ಕಂದು ಬಣ್ಣಕ್ಕೆ ತಿರುಗಿದರೆ ಹೊಸದು ತೆಗೆದುಕೊಳ್ಳಿ, ಬಿಳಿಯಾಗಿಯೇ ಉಳಿಯುವ ತನಕ ಮಾಡಿ. ಪೂರ್ತಿ ಆರಿದ ಮೇಲಷ್ಟೇ ಟೇಪ್ ಹಾಕಿ.

ತೊಳೆದು ಸ್ವಲ್ಪ ಹೊತ್ತಿಗೇ ಮತ್ತೆ ಕಟ್ಟಿಕೊಂಡರೆ ಟೇಪ್ ಪುಡಿ ಉದುರಿಸುತ್ತಿದೆ. ಹಿಂದಿನ ಭಾಗಕ್ಕೆ ವಾಪಸ್ ಹೋಗಿ.

ಚಿತ್ರದ ಮೇಲ್ತುದಿ ಬಾಗಿದೆ

ಮುಖದ ನೆತ್ತಿ ಮಾತ್ರ ಪಕ್ಕಕ್ಕೆ ವಾಲಿ ಅಲುಗುತ್ತಿದ್ದರೆ ಟೇಪಿನ ಬಿಗಿತದ ಸಮಸ್ಯೆ. ಟೇಪ್ ಇಷ್ಟು ವರ್ಷದಲ್ಲಿ ಚೂರು ಕುಗ್ಗಿದೆ ಅಥವಾ ಹಿಗ್ಗಿದೆ. ಒಂದು ಹೆಡ್ ಬಿಟ್ಟು ಇನ್ನೊಂದು ಹಿಡಿಯುವ ಕ್ಷಣದಲ್ಲಿ ಗೆರೆಗಳ ಸಮಯ ಜಿಗಿಯುತ್ತದೆ. ಆ ಜಿಗಿತ ಚಿತ್ರದ ತಳದಲ್ಲಿ ಆಗಿ, ಮುಂದಿನ ಫೀಲ್ಡಿನ ಮೇಲ್ತುದಿಯಲ್ಲಿ ಬಾಗಾಗಿ ಕಾಣುತ್ತದೆ. ಡೆಕ್‌ನಲ್ಲಿ ಸ್ಕ್ಯೂ ಎಂಬ ನಾಬ್ ಇರುವುದು ಇದಕ್ಕೇ. ಟೇಪ್ ಓಡುತ್ತಿರುವಾಗಲೇ ಬಾಗು ನೇರವಾಗುವ ತನಕ ನಿಧಾನಕ್ಕೆ ತಿರುಗಿಸಿ.

ಈ ಒಂದು ದೋಷಕ್ಕೆ ದೊಡ್ಡ ಚರಿತ್ರೆ ಇದೆ. ಅರ್ಧ ಇಂಚಿನ ಟೇಪಿನ ಗೆರೆಗಳು ಸಮಯಕ್ಕೆ ಸರಿಯಾಗಿ ಬರುವುದಿಲ್ಲ ಎಂಬ ಕಾರಣಕ್ಕೇ ಅಮೆರಿಕದ ಟಿವಿ ಕೇಂದ್ರಗಳು ಪೋರ್ಟಾಪ್ಯಾಕ್ ಚಿತ್ರಗಳನ್ನು ಬಹಳ ಕಾಲ ಪ್ರಸಾರ ಮಾಡಲಿಲ್ಲ. 1970ರ ದಶಕದ ಮೊದಲ ಭಾಗದಲ್ಲಿ ಡಿಜಿಟಲ್ ಟೈಮ್ ಬೇಸ್ ಕರೆಕ್ಟರ್, ಬಾಯಿಮಾತಿನಲ್ಲಿ ಟಿಬಿಸಿ, ಬಂತು. ಅದು ಪ್ರತಿ ಗೆರೆಯನ್ನೂ ಒಂದು ಕ್ಷಣ ನೆನಪಿನಲ್ಲಿ ಹಿಡಿದಿಟ್ಟು ಸರಿಯಾದ ಸಮಯಕ್ಕೆ ಹೊರಗೆ ಬಿಡುತ್ತದೆ. ಟಿವಿಟಿವಿ ಎಂಬ ಯುವಕರ ತಂಡ ಅರ್ಧ ಇಂಚಿನ ಟೇಪಿನಲ್ಲಿ ಚಿತ್ರಿಸಿದ ಸಾಕ್ಷ್ಯಚಿತ್ರ 1974ರಲ್ಲಿ ಅಲ್ಲಿನ ಸಾರ್ವಜನಿಕ ಟಿವಿಯಲ್ಲಿ ದೇಶವ್ಯಾಪಿ ಪ್ರಸಾರವಾಯಿತು. ಅದರ ವಿಷಯ ಭಾರತದಿಂದ ಹೋಗಿದ್ದ ಬಾಲಗುರು ಮಹಾರಾಜ್‌ಜಿಯ ಹೂಸ್ಟನ್ ಸಮಾವೇಶ. ಇವತ್ತೂ ಟಿಬಿಸಿ ಇಲ್ಲದೆ ಈ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಲು ಆಗುವುದಿಲ್ಲ. ಆದರೆ ಮೊದಲು ಸ್ಕ್ಯೂ ನಾಬ್, ಆಮೇಲೆ ಟಿಬಿಸಿ. ಬಾಗಿದ್ದನ್ನು ಹಾಗೇ ಟಿಬಿಸಿಗೆ ಕೊಟ್ಟರೆ ಅದು ಬಾಗನ್ನೇ ಗಟ್ಟಿ ಮಾಡಿ ಕೊಡುವುದೂ ಉಂಟು.

ಚಿತ್ರ ಉರುಳುತ್ತದೆ

ನಮ್ಮಲ್ಲಿ 80ರ ದಶಕದ ಕಪ್ಪು ಬಿಳುಪು ಟಿವಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಚಿತ್ರ ಮೇಲಕ್ಕೋ ಕೆಳಕ್ಕೋ ಓಡುತ್ತದೆ, ಎರಡು ಚಿತ್ರಗಳ ನಡುವೆ ಒಂದು ಕಪ್ಪು ಪಟ್ಟಿ ಹಾದುಹೋಗುತ್ತದೆ. ಯಾರಾದರೂ ಎದ್ದು ಹೋಗಿ ಹಿಂದಿನ ನಾಬ್ ತಿರುಗಿಸಬೇಕಿತ್ತು, ಅಲ್ವಾ? ಟಿವಿಯ ಒಳಗೆ ಚಿತ್ರವನ್ನು ಮೇಲಿಂದ ಕೆಳಕ್ಕೆ ಬರೆಯುವ ಒಂದು ಆಂದೋಲಕ ಇದೆ. ಸಿಗ್ನಲ್ಲಿನ ಜೊತೆ ಬರುವ ಸಿಂಕ್ ಮಿಡಿತ ‘ಈಗ ಮೇಲಿನಿಂದ ಶುರು ಮಾಡು’ ಎಂದು ಅದಕ್ಕೆ ಪ್ರತಿ ಫೀಲ್ಡಿಗೂ ಹೇಳುತ್ತದೆ. ಆಂದೋಲಕದ ವೇಗ ತುಂಬಾ ತಪ್ಪಿದರೆ ಮಿಡಿತ ಅದನ್ನು ಹಿಡಿಯಲಾರದು, ಚಿತ್ರ ಜಾರುತ್ತದೆ. ಕಾಣುವ ಕಪ್ಪು ಪಟ್ಟಿ ಎರಡು ಫೀಲ್ಡುಗಳ ನಡುವಿನ ಖಾಲಿ ಜಾಗ.

ಜೋನಸ್ ಈ ಪಟ್ಟಿಯನ್ನೇ ಹಿಡಿದುಕೊಂಡರು. ಹೋಲ್ಡ್ ತಪ್ಪಿಸಿದ ಮಾನಿಟರಿನಲ್ಲಿ ತಮ್ಮ ಚಿತ್ರ ಉರುಳಲು ಬಿಟ್ಟು, ಆ ಮಾನಿಟರನ್ನೇ ಇನ್ನೊಂದು ಕ್ಯಾಮೆರಾದಿಂದ ಚಿತ್ರಿಸಿಕೊಂಡರು. ಸುಮಾರು 20 ನಿಮಿಷದ ಕೃತಿಯ ಉದ್ದಕ್ಕೂ ಪಟ್ಟಿ ಬಡಿಯುತ್ತಲೇ ಇರುತ್ತದೆ. ಚಮಚದಿಂದ ಕುಟ್ಟುವ ಸದ್ದು ಅದರ ಜೊತೆಗೇ ಬರುತ್ತದೆ. ಒಂದು ಕಡೆ ಅವರು ಜಿಗಿಯುತ್ತಾರೆ, ಪಟ್ಟಿಯನ್ನೇ ಹಾರಿ ದಾಟಿದ ಹಾಗೆ ಕಾಣುತ್ತದೆ. ಕಾಲು, ಕೈ, ಮುಖ, ಯಾವುದೂ ಒಂದು ಕ್ಷಣ ನೆಟ್ಟಗೆ ನಿಲ್ಲುವುದಿಲ್ಲ. ಹೆಣ್ಣಿನ ದೇಹವನ್ನು ಆರಾಮವಾಗಿ ನೋಡುತ್ತಾ ಕೂರಲು ಟಿವಿ ಬಿಡುತ್ತಿಲ್ಲ. ನನ್ನ ಮಟ್ಟಿಗೆ ಆ ದಶಕದ ವಿಡಿಯೋ ಕೃತಿಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಕಡಿಮೆ.

ಹಾಗಾದರೆ ನಿಮ್ಮ ಮುಂದೆ ಉರುಳುತ್ತಿರುವುದು ಕೃತಿಯೋ, ದೋಷವೋ? ಮಾನಿಟರಿನ ವರ್ಟಿಕಲ್ ಹೋಲ್ಡ್ ನಾಬ್ ತಿರುಗಿಸಿ. ಉರುಳು ನಿಂತರೆ ಅದು ನಿಮ್ಮ ಮಾನಿಟರಿನದು. ನಾಬ್ ತಿರುಗಿಸಿದಾಗ ಉರುಳುವ ಚಿತ್ರವೇ ಇನ್ನೊಮ್ಮೆ ಉರುಳಲು ಶುರುವಾದರೆ, ಅಂದರೆ ಒಂದರೊಳಗೊಂದು ಎರಡು ಉರುಳು ಕಂಡರೆ, ಮೊದಲನೆಯದು ಟೇಪಿನೊಳಗೇ ಚಿತ್ರವಾಗಿ ಕೂತಿದೆ. ಟೇಪಿನ ಸಿಂಕ್ ಗಟ್ಟಿಯಾಗಿದೆ. ಏನನ್ನೂ ಮುಟ್ಟಬೇಡಿ, ನಾಬನ್ನು ಮೊದಲಿದ್ದ ಜಾಗಕ್ಕೆ ತನ್ನಿ. ‘ವರ್ಟಿಕಲ್ ರೋಲ್’ನ ಕೊನೆಯಲ್ಲಿ ಇದಕ್ಕೆ ಕಣ್ಣಿಗೇ ಕಾಣುವ ಸಾಕ್ಷಿ ಇದೆ. ಜೋನಸ್ ಅವರ ತಲೆ ಉರುಳುತ್ತಿರುವ ಮಾನಿಟರಿಗೂ ಕ್ಯಾಮೆರಾಕ್ಕೂ ನಡುವೆ ಬರುತ್ತದೆ. ಹಿಂದೆ ಎಲ್ಲವೂ ಉರುಳುತ್ತಿದೆ, ಮುಂದಿನ ತಲೆ ಮಾತ್ರ ಸ್ಥಿರವಾಗಿದೆ. ನಿಮ್ಮ ತೆರೆಯಲ್ಲಿ ಆ ತಲೆಯೂ ಉರುಳಿದರೆ ನಿಮ್ಮ ಸಾಮಾನಿನಲ್ಲಿ ದೋಷ ಇದೆ.

ನಿಜವಾದ ದೋಷದ ಉರುಳಿಗೆ ಲಯ ಇರುವುದಿಲ್ಲ. ಜೊತೆಗೆ ಚುಕ್ಕೆಯ ಪಟ್ಟಿ ಬರುತ್ತದೆ, ಧ್ವನಿಯೂ ಕೆಲವೊಮ್ಮೆ ಅಲುಗುತ್ತದೆ. ಹಾಗಿದ್ದರೆ ಟೇಪಿನ ಅಂಚು ನೋಡಿ. ಡ್ರಮ್ ಮತ್ತು ಟೇಪನ್ನು ಜೊತೆಯಲ್ಲಿ ಓಡಿಸುವ ಕಂಟ್ರೋಲ್ ಟ್ರ್ಯಾಕ್ ಅಂಚಿನಲ್ಲಿದೆ, ಅಂಚು ಮಡಚಿದ್ದರೆ ಡೆಕ್ ದಾರಿ ತಪ್ಪುತ್ತದೆ. ಅಂಚು ಸರಿಯಿದ್ದರೆ ಡೆಕ್ಕಿನ ಟ್ರ್ಯಾಕಿಂಗ್ ನಾಬ್ ತಿರುಗಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಡೆಕ್‌ನ ಪವರ್ ಸಪ್ಲೈಯಲ್ಲಿ ಒಣಗಿದ ಕೆಪಾಸಿಟರ್ ಹುಡುಕಿ. ಇನ್ನು ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ಕ್ಷಣಕಾಲ ಚಿತ್ರ ಒಡೆದರೆ ತಲೆ ಕೆಡಿಸಿಕೊಳ್ಳಬೇಡಿ. ಆಗಿನ ಅರ್ಧ ಇಂಚಿನ ಎಡಿಟಿಂಗ್ ಹಾಗೇ ಇತ್ತು, ಕತ್ತರಿಸಿದ ಜಾಗದಲ್ಲಿ ಸಿಂಕ್ ಮುರಿಯುತ್ತಿತ್ತು.

ಪಕ್ಕಕ್ಕೆ ಜಾರುವ ಚಿತ್ರಕ್ಕೂ ಇದೇ ಪರೀಕ್ಷೆ, ಹಾರಿಜಾಂಟಲ್ ಹೋಲ್ಡ್ ನಾಬಿನಲ್ಲಿ. ನ್ಯೂಯಾರ್ಕಿನಲ್ಲಿ 1971ರಲ್ಲಿ ‘ದ ಕಿಚನ್’ ಎಂಬ ಜಾಗ ಶುರು ಮಾಡಿದ ಸ್ಟೀನಾ ಮತ್ತು ವುಡಿ ವಸುಲ್ಕಾ ದಂಪತಿ, ಸಾಲಾಗಿ ಇಟ್ಟ ಮಾನಿಟರುಗಳಲ್ಲಿ ಚಿತ್ರ ಒಂದರಿಂದ ಇನ್ನೊಂದಕ್ಕೆ ಹರಿದುಹೋಗುವ ಹಾಗೆ ಬೇಕೆಂದೇ ಅಡ್ಡಕ್ಕೆ ಜಾರಿಸಿದ್ದಾರೆ. ವುಡಿಯವರ 1974ರ ‘ಸಿ-ಟ್ರೆಂಡ್’ನಲ್ಲಿ ಚಿತ್ರದ ಗೆರೆಗಳೇ ಕಳಚಿ ಏರಿಳಿಯುತ್ತವೆ. ಸ್ಟೀವ್ ರಟ್ ಮತ್ತು ಬಿಲ್ ಎಟ್ರಾ ಕಟ್ಟಿದ ಸ್ಕ್ಯಾನ್ ಪ್ರೊಸೆಸರ್‌ನ ಕೆಲಸ ಅದು. ಯಂತ್ರದ ಒಳಗಿನ ಪಿಕ್ಚರ್ ಟ್ಯೂಬಿನ ಕಿರಣವನ್ನೇ ಬಾಗಿಸಿ, ಆ ಟ್ಯೂಬನ್ನು ಕ್ಯಾಮೆರಾದಿಂದ ಮತ್ತೆ ಚಿತ್ರಿಸಿಕೊಂಡದ್ದು. ಟ್ಯೂಬನ್ನು ಮತ್ತೆ ಚಿತ್ರಿಸಿಕೊಂಡ ಯಾವ ಕೃತಿಯಲ್ಲೂ ವಿಕಾರ ಚಿತ್ರದ ಒಳಗಿರುತ್ತದೆ, ಸಿಂಕ್ ಸರಿಯಾಗಿರುತ್ತದೆ. ನಾಬ್ ಪರೀಕ್ಷೆ ಕೆಲಸ ಮಾಡುವುದು ಆ ಕಾರಣಕ್ಕೇ.

ಅಡ್ಡ ಪಟ್ಟಿಯೊಂದು ತೆವಳುತ್ತದೆ, ಧ್ವನಿ ದಪ್ಪವಾಗಿದೆ

ಇದು ಭಾರತದಲ್ಲಿ ಕೆಲಸ ಮಾಡುವವರಿಗೆ. ಅಮೆರಿಕದ ಕರೆಂಟ್ 60 ಹರ್ಟ್ಜ್, ಅಲ್ಲಿನ ಚಿತ್ರವೂ ಸೆಕೆಂಡಿಗೆ ಹತ್ತಿರಹತ್ತಿರ 60 ಫೀಲ್ಡ್, 525 ಗೆರೆ. ನಮ್ಮದು 50 ಹರ್ಟ್ಜ್, 50 ಫೀಲ್ಡ್, 625 ಗೆರೆ. ಅಲ್ಲಿ ಚಿತ್ರಿಸುವಾಗಲೇ ಕರೆಂಟಿನ ಗುಂಯ್‌ಗುಡುವಿಕೆ ಸಿಗ್ನಲ್ಲಿಗೆ ಸೇರಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ವೇಗದವು, ಪಟ್ಟಿ ನಿಂತ ಹಾಗೆ ಅಥವಾ ತುಂಬಾ ನಿಧಾನಕ್ಕೆ ತೆವಳುತ್ತದೆ. ಅದು ಟೇಪಿನಲ್ಲೇ ಇದೆ, ತೆಗೆಯಲು ಹೋಗಬೇಡಿ. ಅದೇ ಟೇಪನ್ನು ಬೆಂಗಳೂರಿನಲ್ಲಿ ಓಡಿಸುವಾಗ ನಿಮ್ಮ ಅರ್ಥಿಂಗ್ ದೋಷದಿಂದ ಗುಂಯ್ ಸೇರಿದರೆ 60 ಮತ್ತು 50ರ ಅಂತರದಷ್ಟು, ಸೆಕೆಂಡಿಗೆ ಸುಮಾರು ಹತ್ತು ಸಲ, ಪಟ್ಟಿ ಪಟಪಟ ಬಡಿಯುತ್ತದೆ. ನಿಧಾನದ ಪಟ್ಟಿ ಅಲ್ಲಿನದು, ವೇಗದ ಪಟ್ಟಿ ಇಲ್ಲಿನದು. ಡೆಕ್, ಟಿಬಿಸಿ, ಕಂಪ್ಯೂಟರ್ ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ತೆಗೆದುಕೊಂಡು ನೋಡಿ.

ಧ್ವನಿ ದಪ್ಪವಾಗಿ, ಚಿತ್ರ ಸಿಕ್ಕದೆ ಹೋದರೆ ಡೆಕ್ ನಿಧಾನಕ್ಕೆ ಓಡುತ್ತಿದೆ. ಆ ಕಾಲದ ಅನೇಕ ಡೆಕ್‌ಗಳ ಮೋಟಾರ್ ಕರೆಂಟಿನ ಹರ್ಟ್ಜ್ ನೋಡಿಕೊಂಡೇ ತಿರುಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಇಳಿಸಿಕೊಡುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. 60ಕ್ಕೆ ಮಾಡಿದ ಮೋಟಾರ್ 50ರಲ್ಲಿ ಆರನೇ ಒಂದು ಭಾಗ ನಿಧಾನವಾಗುತ್ತದೆ. ಹರ್ಟ್ಜ್ ಬದಲಿಸುವ ಪವರ್ ಸಪ್ಲೈಯೇ ಬೇಕು.

ಟಿವಿಯಲ್ಲಿ ಒಂದೇ ಗೆರೆ, ಅಥವಾ ಚಿತ್ರ ಒಂದು ಮೂಲೆಗೆ ಎಳೆದ ಹಾಗೆ

ಇಲ್ಲಿ ಟೇಪಿನ ಮಾತಿಲ್ಲ. ಟಿವಿ ಪೆಟ್ಟಿಗೆಯೇ ಕೃತಿಯಾಗಿರುವ ಕಡೆ ಇದು ಬರುತ್ತದೆ. ಪೂರ್ತಿ ಚಿತ್ರ ಕುಗ್ಗಿ ನಡುವೆ ಒಂದು ಹೊಳೆಯುವ ಅಡ್ಡಗೆರೆ ಉಳಿದರೆ ವರ್ಟಿಕಲ್ ಔಟ್‌ಪುಟ್ ಸತ್ತಿದೆ. ಕಿರಣ ಎಡಬಲ ಓಡುತ್ತಿದೆ, ಮೇಲೆ ಕೆಳಗೆ ಓಡುತ್ತಿಲ್ಲ. ಮೊದಲ ಕೆಲಸ ಬ್ರೈಟ್‌ನೆಸ್ ಇಳಿಸುವುದು. ಇಲ್ಲದಿದ್ದರೆ ಆ ಗೆರೆ ಟ್ಯೂಬಿನ ರಂಜಕವನ್ನು ಸುಟ್ಟು ಶಾಶ್ವತ ಕಲೆಯಾಗುತ್ತದೆ.

ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ 1963ರ ಮಾರ್ಚ್‌ನಲ್ಲಿ ಜರ್ಮನಿಯ ವುಪ್ಪರ್‌ಟಾಲ್‌ನ ಗ್ಯಾಲರಿ ಪಾರ್ನಾಸ್‌ನಲ್ಲಿ ತಿದ್ದಿದ ಟಿವಿಗಳ ಪ್ರದರ್ಶನ ಇಟ್ಟರು. ಸಾಗಿಸುವಾಗ ಒಂದು ಟಿವಿಗೆ ಪೆಟ್ಟಾಗಿ ಹೀಗೇ ಒಂದು ಗೆರೆ ಮಾತ್ರ ಉಳಿಯಿತು. ಪೈಕ್ ಅದನ್ನು ರಿಪೇರಿಗೆ ಕಳಿಸಲಿಲ್ಲ. ಪೆಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿದರು, ಅಡ್ಡಗೆರೆ ಉದ್ದಗೆರೆಯಾಯಿತು. ‘ಜೆನ್ ಫಾರ್ ಟಿವಿ’ ಹುಟ್ಟಿದ್ದು ಹಾಗೆ. ಅಂಥ ಕೃತಿಯಲ್ಲಿ ಗೆರೆ ಇದ್ದರೆ ಆರೋಗ್ಯ, ಪೂರ್ತಿ ಚಿತ್ರ ಬಂದರೆ ಕಾಯಿಲೆ. ಗೆರೆ ಮಸುಕಾದರೆ ನೋಡಬೇಕಾದ್ದು ಟ್ಯೂಬು ಮತ್ತು ಹೈವೋಲ್ಟೇಜ್, ವರ್ಟಿಕಲ್ ಔಟ್‌ಪುಟ್ ಅಲ್ಲ. ಒಂದು ಎಚ್ಚರಿಕೆ: ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡಲು ಬಾರದವರು ಹಿಂಬದಿ ಮುಚ್ಚಳ ತೆಗೆಯಬಾರದು.

ಚಿತ್ರ ಒಂದು ಕಡೆಗೆ ಎಳೆದ ಹಾಗಿದ್ದರೆ ಹತ್ತಿರ ಅಯಸ್ಕಾಂತ ಇದೆಯೇ ನೋಡಿ. ಸ್ಪೀಕರ್ ಕೂಡ ಸಾಕು. ಪೈಕ್ 1965ರ ‘ಮ್ಯಾಗ್ನೆಟ್ ಟಿವಿ’ಯಲ್ಲಿ ಕುದುರೆ ಲಾಳದ ಆಕಾರದ ದೊಡ್ಡ ಅಯಸ್ಕಾಂತವನ್ನು ಕಪ್ಪು ಬಿಳುಪು ಟಿವಿಯ ಮೇಲಿಟ್ಟರು, ಕಿರಣ ಬಾಗಿ ತೆರೆಯ ಮೇಲೆ ಬೆಳಕಿನ ಸುರುಳಿ ಮೂಡಿತು. ಕಪ್ಪು ಬಿಳುಪು ಟಿವಿಯಲ್ಲಿ ಅಯಸ್ಕಾಂತ ತೆಗೆದರೆ ಚಿತ್ರ ನೆಟ್ಟಗಾಗುತ್ತದೆ. ಕಲರ್ ಟಿವಿಯಲ್ಲಿ ಹಾಗಲ್ಲ. ಒಳಗಿನ ಲೋಹದ ಜಾಲರಿ ತಾನೇ ಅಯಸ್ಕಾಂತವಾಗಿ ಹಸಿರು, ನೇರಳೆ ಕಲೆ ಉಳಿಯುತ್ತದೆ. ಡಿಗಾಸ್ ಕಾಯಿಲ್ ತೋರಿಸಿ ಅದನ್ನು ತೆಗೆಯಬೇಕು. ಹಾಗಾಗಿ ಹಳೆಯ ಕಪ್ಪು ಬಿಳುಪು ಸೆಟ್ ಸಿಗಲಿಲ್ಲ ಅಂತ ಕಲರ್ ಸೆಟ್ ಇಟ್ಟು ಇಂಥ ಕೃತಿ ಕಟ್ಟಬೇಡಿ.

ಚಿತ್ರದಲ್ಲಿ ಸುಟ್ಟ ಗೆರೆ, ಬೆಳಕಿನ ಬಾಲ

ದೀಪ ಅಲುಗಿದರೆ ಹಿಂದೆ ಬಾಲ ಉಳಿಯುತ್ತದೆ. ಸೂರ್ಯನನ್ನೋ ಬಲ್ಬನ್ನೋ ತೋರಿಸಿದ ಮೇಲೆ ಕಪ್ಪು ಗುರುತು ಹೋಗುವುದೇ ಇಲ್ಲ. ಎರಡೂ ವಿಡಿಕಾನ್ ಕ್ಯಾಮೆರಾ ಟ್ಯೂಬಿನ ಗುಣ. ಗುರುತು ಕ್ಯಾಮೆರಾ ತಿರುಗಿದರೂ ಚೌಕಟ್ಟಿನ ಅದೇ ಜಾಗದಲ್ಲಿ ಇದ್ದರೆ ಟ್ಯೂಬಿನದು. ದೃಶ್ಯದ ಜೊತೆ ಸರಿದರೆ ಅಲ್ಲಿದ್ದ ವಸ್ತುವಿನದು. ಬೇರೆ ಟೇಪ್ ಹಾಕಿದಾಗಲೂ ಅಲ್ಲೇ ಕಂಡರೆ ನಿಮ್ಮ ಮಾನಿಟರಿನದು. ಮೇರಿ ಲೂಸಿಯರ್ 1975ರ ‘ಡಾನ್ ಬರ್ನ್’ಗಾಗಿ ನ್ಯೂಯಾರ್ಕಿನ ಈಸ್ಟ್ ನದಿಯ ಮೇಲಿನ ಸೂರ್ಯೋದಯಕ್ಕೆ ಏಳು ದಿನ ಕ್ಯಾಮೆರಾ ಹಿಡಿದು ಟ್ಯೂಬನ್ನು ಬೇಕೆಂದೇ ಸುಟ್ಟರು. ಪ್ರತಿ ದಿನದ ಸುಟ್ಟ ಗೆರೆ ಮರುದಿನದ ಚಿತ್ರದಲ್ಲೂ ಉಳಿಯುತ್ತದೆ, ಏಳನೆಯ ದಿನಕ್ಕೆ ಹಿಂದಿನವೆಲ್ಲ ಸೇರಿರುತ್ತವೆ. ಇದನ್ನು ಡಿಜಿಟಲ್ ಆಗಿ ಸ್ವಚ್ಛ ಮಾಡಿದರೆ ಕೃತಿಯೇ ಉಳಿಯುವುದಿಲ್ಲ.

ಧ್ವನಿಗೂ ತುಟಿಗೂ ತಾಳ ಇಲ್ಲ

ಟಿಬಿಸಿ, ಕ್ಯಾಪ್ಚರ್ ಕಾರ್ಡ್ ಎರಡೂ ಚಿತ್ರವನ್ನು ಚೂರು ತಡ ಮಾಡುತ್ತವೆ. ಆ ತಡ ಮೊದಲಿಂದ ಕೊನೆಯವರೆಗೆ ಒಂದೇ ಇರುತ್ತದೆ. ಚಪ್ಪಾಳೆ ಇರುವ ಬೇರೆ ಟೇಪ್ ಓಡಿಸಿ ಅಳೆದು ಸರಿಪಡಿಸಬಹುದು. ತಡ ಬರುಬರುತ್ತಾ ಒಂದೇ ಸಮನೆ ಬೆಳೆದರೆ ಕಂಪ್ಯೂಟರ್ ಫ್ರೇಮ್ ಬಿಡುತ್ತಿದೆ. ಒಮ್ಮೆ ಸೇರಿ ಒಮ್ಮೆ ತಪ್ಪಿ ಮತ್ತೆ ಸೇರಿದರೆ ಕೃತಿಯ ವಿವರ ಓದಿ. ಬ್ರೂಸ್ ನೌಮನ್ 1969ರ ‘ಲಿಪ್ ಸಿಂಕ್’ನಲ್ಲಿ ಮಾಡಿದ್ದು ಇದನ್ನೇ. ಮುಖ ತಲೆಕೆಳಗಾಗಿದೆ, ಅದೂ ಕೇಬಲ್ ದೋಷ ಅಲ್ಲ. ರಿಚರ್ಡ್ ಸೆರಾ 1974ರಲ್ಲಿ ನ್ಯಾನ್ಸಿ ಹೋಲ್ಟ್ ಜೊತೆ ಮಾಡಿದ ‘ಬೂಮರಾಂಗ್’ನಲ್ಲಿ ನಡುವೆ ಧ್ವನಿ ಕಡಿದುಹೋಗುತ್ತದೆ. ತೆರೆಯ ಮೇಲೆ ಆಡಿಯೋ ತೊಂದರೆ ಎಂಬ ಸೂಚನೆ ಬಂದರೆ ಅದು ಟೆಕ್ಸಾಸ್‌ನ ಸ್ಟುಡಿಯೋದಲ್ಲಿ ಆಗ ಆದದ್ದು, ನಿಮ್ಮ ಹೆಡ್‌ಫೋನ್ ಕಳಚಿ ಹುಡುಕಬೇಕಿಲ್ಲ.

ಏನೂ ಅರ್ಥವಾಗದ ಗೋಜಲು

ಬಣ್ಣ, ಗೆರೆ, ಚುಕ್ಕೆ ಎಲ್ಲ ಕಲಸಿಹೋಗಿ, ಯಾವ ನಾಬಿಗೂ ಬಗ್ಗದಿದ್ದರೆ ಮೊದಲು ಕೇಬಲ್ ನೋಡಿ. ಡೆಕ್‌ನ ಔಟ್‌ಪುಟ್ ಸುತ್ತಿಬಂದು ಅದರದೇ ಇನ್‌ಪುಟ್‌ಗೆ ಹೋಗಿದ್ದರೆ ಸಿಗ್ನಲ್ ತನ್ನನ್ನು ತಾನೇ ತಿನ್ನತೊಡಗುತ್ತದೆ. ಬಿಲ್ ವಯೋಲಾ 1973ರಲ್ಲಿ ರಾತ್ರಿ ಸ್ಟುಡಿಯೋದಲ್ಲಿ ಕೆಲಸ ಮಾಡುವಾಗ ರೆಕಾರ್ಡರಿನ ಔಟ್‌ಪುಟ್ ತಪ್ಪಿ ಸ್ವಿಚರ್ (ಸಿಗ್ನಲ್ ಆಯ್ಕೆ ಮಾಡುವ ಪೆಟ್ಟಿಗೆ) ಮೂಲಕ ಅದರದೇ ಇನ್‌ಪುಟ್‌ಗೆ ಸೇರಿತು. ಅವರು ಕೇಬಲ್ ಕೀಳಲಿಲ್ಲ, ಆ ಗೋಜಲನ್ನು ಸ್ವಿಚರಿನ ಬೇರೆ ಬೇರೆ ಹಂತಗಳಲ್ಲಿ ಹಿಡಿದು ‘ಇನ್ಫರ್ಮೇಶನ್’ ಎಂಬ ಕೃತಿ ಮಾಡಿದರು. ನಿಮ್ಮದು ಆ ಟೇಪ್ ಅಲ್ಲದಿದ್ದರೆ ಕೇಬಲ್ ಕಿತ್ತು ಸರಿಯಾಗಿ ಹಾಕಿ.

ಕಂಪ್ಯೂಟರಿಗೆ ಇಳಿಸುವಾಗ

ಟಿಬಿಸಿಯಲ್ಲಿ ಚುಕ್ಕೆ ತೆಗೆಯುವ, ಚೂಪು ಮಾಡುವ, ಕಳೆದುಹೋದ ಗೆರೆ ತುಂಬುವ ಸೌಲಭ್ಯಗಳಿರುತ್ತವೆ. ಮೊದಲ ಪ್ರತಿಗೆ ಎಲ್ಲವನ್ನೂ ಆಫ್ ಮಾಡಿ. ಚಿತ್ರದ ತಳದಲ್ಲಿ ಹೆಡ್ ಬದಲಾಗುವ ಚಿಂದಿ ಪಟ್ಟಿಯನ್ನು ಕತ್ತರಿಸಬೇಡಿ. ಸ್ವಚ್ಛ ಮಾಡುವುದಿದ್ದರೆ ಆ ಪ್ರತಿಯ ಪ್ರತಿಯಲ್ಲಿ ಮಾಡಿ.

ಅನುಮಾನ ಬಗೆಹರಿಯದಿದ್ದರೆ ವಿತರಕರ ಪಟ್ಟಿ ನೋಡಿ. ನ್ಯೂಯಾರ್ಕಿನಲ್ಲಿ ಹೋವರ್ಡ್ ವೈಸ್ 1971ರಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಆರ್ಟ್ಸ್ ಇಂಟರ್‌ಮಿಕ್ಸ್, ಷಿಕಾಗೋದ ವಿಡಿಯೋ ಡೇಟಾ ಬ್ಯಾಂಕ್ ಎರಡೂ ತಮ್ಮಲ್ಲಿರುವ ಕೃತಿಗಳ ವರ್ಷ, ಅವಧಿ, ಬಣ್ಣ, ವಿವರ ಕೊಡುತ್ತವೆ. ಅವಧಿಯನ್ನು ಮೊದಲು ಹೋಲಿಸಿ. 20 ನಿಮಿಷದ್ದು 24 ನಿಮಿಷ ಬಂದರೆ ಡೆಕ್ ನಿಧಾನಕ್ಕೆ ಓಡಿದೆ.

ಯಾವ ನಾಬ್ ಎಲ್ಲಿತ್ತು, ಯಾವ ಡೆಕ್, ಎಲ್ಲಿ ಹೆಡ್ ತೊಳೆದದ್ದು, ಯಾವ ನಿಮಿಷದಲ್ಲಿ ಚಿತ್ರ ಒಡೆಯಿತು ಎಂಬುದನ್ನು ಫೈಲಿನ ಜೊತೆ ಬರೆದಿಡಿ. ಯಾವುದನ್ನು ದೋಷ ಎಂದು ತೀರ್ಮಾನಿಸಿದಿರಿ, ಯಾವುದನ್ನು ಕೃತಿ ಎಂದು ಬಿಟ್ಟಿರಿ, ಯಾವ ಪರೀಕ್ಷೆಯಿಂದ ಎಂಬುದನ್ನೂ ಬರೆಯಿರಿ. ಪ್ಲೇ ಮುಗಿದ ಮೇಲೆ ಟೇಪನ್ನು ವೇಗವಾಗಿ ಹಿಂದಕ್ಕೆ ಸುತ್ತಬೇಡಿ, ಬಿಗಿತ ಏರುಪೇರಾಗುತ್ತದೆ. ಪ್ಲೇ ಆದ ಹಾಗೇ ಸಮವಾಗಿ ಸುತ್ತಿದ ಸುರುಳಿಯನ್ನು ಡಬ್ಬಿಗೆ ಹಾಕಿ, ತಂಪಾದ ಒಣ ಜಾಗದಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ಕೊನೆಯಿಂದ ಸುತ್ತಿದೆ ಎಂದು ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ.